ಅಡ್ಮಿಷನ್ ದಿನವೇ ‘ಮೈಲ್ಡ್’ ಅಂತ ಬರೆಯಬೇಡಿ

ಲೈಪೇಸ್ (ಮೇದೋಜೀರಕ ಗ್ರಂಥಿಯ ಎಂಜೈಮ್, ರಕ್ತದಲ್ಲಿ ಅಳೆಯೋದು) ಎಷ್ಟಿದ್ದರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಉರಿಯೂತ, ‘ಸಿವಿಯರ್’, ಅಡ್ಮಿಷನ್ ದಿನವೇ ಹೇಗೆ ಬರೆಯೋದು ಅಂತ ಕೇಳಿದ್ದೀರಿ. ಹೌಸ್ ಸರ್ಜನ್ ಆಗಿದ್ದಾಗ ನನಗೂ ಇದೇ ತಲೆಬಿಸಿ ಇತ್ತು.

ರಾತ್ರಿ ಕ್ಯಾಶುವಾಲಿಟಿಗೆ ಒಬ್ಬರು ಬಂದರು. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯುತ್ತಿತ್ತು. ಮಲಗೋಕೂ ಆಗದೆ ಮುಂದಕ್ಕೆ ಬಾಗಿ ಕೂತಿದ್ದರು. ಲೈಪೇಸ್ ನಾರ್ಮಲ್‌ಗಿಂತ ನಾಲ್ಕು ಪಟ್ಟು. ಬಿ.ಪಿ., ಕ್ರಿಯಾಟಿನಿನ್ (ಕಿಡ್ನಿ ಕೈಕೊಟ್ಟರೆ ರಕ್ತದಲ್ಲಿ ಏರೋದು) ಸರಿಯಾಗಿದ್ದವು. ಸಿ.ಟಿ.ಯಲ್ಲಿ ಬರೀ ಊತ. ಕೇಸ್ ಶೀಟಿನಲ್ಲಿ ‘ಮೈಲ್ಡ್’ ಅಂತ ಬರೆದೆ.

ಡಯಾಗ್ನೋಸಿಸ್ ತಪ್ಪಿರಲಿಲ್ಲ. ನೋವು, ಮೂರು ಪಟ್ಟು ಏರಿದ ಎಂಜೈಮ್, ಸ್ಕ್ಯಾನ್, ಈ ಮೂರರಲ್ಲಿ ಎರಡಿದ್ದರೆ ಸಾಕು. ಎಡವಟ್ಟಾಗಿದ್ದು ಆ ‘ಮೈಲ್ಡ್’ನಿಂದ. ಮುಂದಿನ ಶಿಫ್ಟ್‌ನವರು ಅದನ್ನೇ ನಂಬಿ ವಾರ್ಡಿಗೆ ಕಳಿಸಿದರು. ಗಂಟೆಗೊಮ್ಮೆ ಯೂರಿನ್ ಅಳೆಯಿರಿ ಅಂತ ನಾನು ಬರೆದಿರಲಿಲ್ಲ, ಮೈಲ್ಡ್ ಅಂದಮೇಲೆ ಬೇರೆಯವರು ಯಾಕೆ ಬರೀತಾರೆ? ಡ್ರಿಪ್ ಕೂಡ ನಿಧಾನಕ್ಕೆ ಹೋಗುತ್ತಿತ್ತು. ಮರುದಿನ ಸಂಜೆ ಯೂರೋಬ್ಯಾಗಿನ ತಳದಲ್ಲಿ ಕಡು ಬಣ್ಣದ ಮೂತ್ರ, ಅದೂ ಒಂಚೂರು. ಕ್ರಿಯಾಟಿನಿನ್ 2.4. ಏದುಸಿರು. ಲೈಪೇಸ್ ಮಾತ್ರ ಇಳಿದಿತ್ತು!

ಡಯಾಲಿಸಿಸ್ ಆಯಿತು. ಅವರು ಉಳಿದರು. ಐಸಿಯು ಬಿಲ್ಲಿಗೆ ಮನೆಯವರು ಒಡವೆ ಅಡವಿಟ್ಟರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲೈಪೇಸ್ ಕಾಯಿಲೆ ಇದೆಯಾ ಅಂತ ಹೇಳುತ್ತೆ, ಎಷ್ಟು ಜೋರಾಗಿದೆ ಅಂತ ಹೇಳಲ್ಲ. ಈ ಕಾಯಿಲೆಯ ತೀವ್ರತೆ ಅಳೆಯುವ 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ನೋಡೋದು ಕಿಡ್ನಿ, ಶ್ವಾಸಕೋಶ ಮತ್ತು ರಕ್ತ ಪರಿಚಲನೆಯನ್ನು. ಇವು ಕೈಕೊಡದೆ, ಕಾಂಪ್ಲಿಕೇಷನ್ನೂ ಇಲ್ಲದಿದ್ದರೆ ಮೈಲ್ಡ್. ಕೈಕೊಟ್ಟ ಅಂಗ 48 ಗಂಟೆಯೊಳಗೆ ಸುಧಾರಿಸಿದರೆ, ಇಲ್ಲವೇ ಗ್ರಂಥಿಯ ಸುತ್ತ ನೀರು ನಿಂತರೆ ಅಥವಾ ನೆಕ್ರೋಸಿಸ್ ಆದರೆ (ಅಂಗಾಂಶ ಸತ್ತರೆ) ಮಾಡರೇಟ್ಲಿ ಸಿವಿಯರ್. ಕೈಕೊಟ್ಟ ಅಂಗ 48 ಗಂಟೆ ದಾಟಿಯೂ ಸುಧಾರಿಸದಿದ್ದರೆ ಸಿವಿಯರ್. ಆ 48 ಗಂಟೆ ಕಳೆಯದೆ ಮೊದಲ ರಾತ್ರಿಯೇ ಹೇಗೆ ಬರೀತೀರಿ?

‘ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಸಿವಿಯರಿಟಿ ಇನ್ನೂ ನಿರ್ಧಾರವಾಗಿಲ್ಲ’ ಅಂತ ಬರೆಯಿರಿ. ಸೀನಿಯರ್ ಗೊಣಗಿದರೂ ಪರವಾಗಿಲ್ಲ. ಮೊದಲ 24 ಗಂಟೆಯಲ್ಲೇ ಅಂಗ ಕೈಕೊಟ್ಟರೆ ಸಿವಿಯರ್ ಅಂತಲೇ ತಿಳಿದು ಚಿಕಿತ್ಸೆ ಕೊಡಿ. 24 ಗಂಟೆ, 48 ಗಂಟೆ, 7 ದಿನಕ್ಕೆ ಮತ್ತೆ ನೋಡಿ. ಮೊದಲ ದಿನದ ಸಿ.ಟಿ. ಚೆನ್ನಾಗಿದೆ ಅಂತ ಸಮಾಧಾನಪಡಬೇಡಿ, ನೆಕ್ರೋಸಿಸ್ ಅಷ್ಟು ಬೇಗ ಕಾಣದೇ ಇರಬಹುದು. ನೋವು ಶುರುವಾದ ಹೊತ್ತನ್ನು ತಪ್ಪದೆ ಬರೆದಿಡಿ. ಮುಂದೆ ನೀರು ನಿಂತಿದ್ದಕ್ಕೆ ಸ್ಯೂಡೋಸಿಸ್ಟ್ (ಸುತ್ತ ಗೋಡೆ ಕಟ್ಟಿಕೊಂಡ ನೀರಿನ ಚೀಲ) ಅನ್ನಬೇಕಾ ಬೇಡವಾ ಅಂತ ನೋಡುವಾಗ 4 ವಾರದ ಲೆಕ್ಕ ಶುರುವಾಗೋದು ಅಲ್ಲಿಂದಲೇ, ಅಡ್ಮಿಟ್ ಆದ ದಿನದಿಂದ ಅಲ್ಲ.