ಓದುಗರ ಪ್ರಶ್ನೆ: ಪೆಲೆಟ್ ತೂಗಿ ಹೊಡೆಯಬೇಕೇ?

ಪ್ರಶ್ನೆ: 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದೇನೆ. ಪೆಲೆಟ್‌ನ (ಸೀಸದ ಪುಟ್ಟ ಗುಂಡು) ಹೊಸ ಡಬ್ಬಿ ತೆರೆದಾಗಿನಿಂದ ಹೊಡೆತ ಚದುರುತ್ತಿದೆ. ಪೆಲೆಟ್‌ಗಳನ್ನು ತೂಗಿ ಬೇರ್ಪಡಿಸಿದರೆ ಸರಿಹೋದೀತೇ?
– ಓದುಗರು, ಮೈಸೂರು

ಉತ್ತರ: ತಕ್ಕಡಿ ಸದ್ಯಕ್ಕೆ ಬೇಡ. ಸ್ಪರ್ಧೆಯ ಪೆಲೆಟ್ ತೂಕ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು. ಗುರಿ ಮುಟ್ಟುವಷ್ಟರಲ್ಲಿ ಅದು 22 ಮಿ.ಮೀ.ನಷ್ಟು ಇಳಿದಿರುತ್ತದೆ. ತೂಕ 0.01 ಗ್ರಾಂ ಹೆಚ್ಚಿದ್ದರೆ ವೇಗ ಶೇ 1ರಷ್ಟು ತಗ್ಗಬಹುದು; ಇಳಿತಕ್ಕೆ ಅರ್ಧ ಮಿ.ಮೀ. ಕೂಡ ಸೇರುವುದಿಲ್ಲ. ಹತ್ತು ಅಂಕದ ವೃತ್ತವೇ 11.5 ಮಿ.ಮೀ. ಅಗಲವಿದೆ.

ಮೊದಲು ನೋಡಬೇಕಾದ್ದು ಹಿಂಬದಿಯ ತೆಳು ಅಂಚು, ಅಂದರೆ ಸ್ಕರ್ಟ್. ಮೆತ್ತನೆಯ ಸೀಸ; ಡಬ್ಬಿ ಕುಲುಕಿದರೂ ನೆಗ್ಗುತ್ತದೆ. ಆಗ ನಳಿಗೆಯ ಬಾಯಲ್ಲಿ ಗಾಳಿ ಒಂದೇ ಪಕ್ಕಕ್ಕೆ ನುಗ್ಗಿ ಪೆಲೆಟ್ ಓಲುತ್ತದೆ. ಗಾಜಿನ ಮೇಲೆ ಉರುಳಿಸಿ: ಸರಿಯಿದ್ದದ್ದು ನಯವಾಗಿ ಕಮಾನು ಹೊಡೆದು ತಿರುಗುತ್ತದೆ, ನೆಗ್ಗಿದ್ದು ಕುಂಟುತ್ತದೆ. ಕುಂಟಿದ್ದನ್ನೂ ಬಿಳಿ ಪುಡಿ ಹಿಡಿದದ್ದನ್ನೂ ಪಕ್ಕಕ್ಕಿಡಿ. ಒಂದೊಂದಕ್ಕೂ ಗೂಡಿರುವ ಪೆಟ್ಟಿಗೆಯ ಪೆಲೆಟ್ ದುಬಾರಿಯಾದರೂ ಈ ಕಾಟ ಕಡಿಮೆ.

ಎರಡನೆಯದು ಪೆಲೆಟ್ ತಲೆಯ ಅಳತೆ. ಡಬ್ಬಿಯ ಮೇಲೆ 4.49, 4.50 (ಮಿ.ಮೀ.) ಎಂದೆಲ್ಲ ಬರೆದಿರುತ್ತದೆ. ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ಹೊಡೆದೇ ತಿಳಿಯಬೇಕು. ಪಿಸ್ತೂಲನ್ನು ಭದ್ರವಾಗಿ ಕ್ಲ್ಯಾಂಪಿಗೆ ಕಟ್ಟಿ, ಪ್ರತಿ ಅಳತೆಯಲ್ಲೂ ಹತ್ತು ಹತ್ತು ಹೊಡೆತದ ಎರಡು ಗುಂಪು ಹಾಕಿ. ಅತಿ ದೂರದ ಎರಡು ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಪೆಲೆಟ್‌ನ ಅಗಲ 4.5 ಮಿ.ಮೀ. ಕಳೆಯಿರಿ; ಗುಂಪು ಚಿಕ್ಕದಾಗಿ ಬಂದ ಅಳತೆಯೇ ಒಗ್ಗಿದ್ದು. ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ಅಳೆದದ್ದು ನಿಮ್ಮ ಕೈಯನ್ನೇ ಹೊರತು ಪೆಲೆಟನ್ನಲ್ಲ! ಒಗ್ಗಿದ್ದು ಸಿಕ್ಕಿತೋ, ಅದೇ ಬ್ಯಾಚ್ ಸಂಖ್ಯೆಯ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ. ಸಂಖ್ಯೆ ಬದಲಾದರೆ ಅಳತೆ ಅದೇ ಇದ್ದರೂ ಮತ್ತೆ ಪರೀಕ್ಷೆ. ನಿಮ್ಮ ಹೊಸ ಡಬ್ಬಿಯ ಸಂಖ್ಯೆಯನ್ನು ಹಳೆಯದರ ಜೊತೆ ಹೋಲಿಸಿ ನೋಡಿ.

ಹೊಡೆತ ಚದುರದೆ ಬರೀ ಕೆಳಗೆ ಬೀಳುತ್ತಿದ್ದರೆ ಪೆಲೆಟನ್ನು ಬೈಯಬೇಡಿ, ಪಿಸ್ತೂಲಿನ ಗಾಳಿ ಸಿಲಿಂಡರಿನ ಒತ್ತಡ ತೋರುವ ಗೇಜ್ ನೋಡಿ.

ಪ್ರಶ್ನೆ: ನಳಿಗೆ ಶುಚಿ ಮಾಡಿದ ಮೇಲೆ ಮೊದಲ ಹೊಡೆತಗಳು ದಾರಿ ತಪ್ಪುವುದೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಒಳಗೆ ಸೀಸದ ತೆಳುಪದರ ಮತ್ತೆ ಕೂರುವವರೆಗೆ ಹಾಗೆಯೇ. ಸ್ಪರ್ಧೆಯ ಬೆಳಿಗ್ಗೆ ಶುಚಿ ಮಾಡಬೇಡಿ. ಶುಚಿ ಮಾಡುವಾಗ ಫೆಲ್ಟ್ (ಒತ್ತಿದ ಉಣ್ಣೆ) ಉಂಡೆಯನ್ನು ಪೆಲೆಟ್ ತುಂಬುವ ಕಡೆಯಿಂದ ಬಾಯಿಯ ಕಡೆಗೆ ದಾಟಿಸಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ಸೀಸ ವಿಷ.