ಯೋಸೇಫನ ಅಣ್ಣಂದಿರು ಕೊಂಡ ‘ಕಾರ್ನ್’ ಯಾವುದು?

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯೋಸೇಫನ ಅಣ್ಣಂದಿರು ಬರಗಾಲದಲ್ಲಿ ‘ಕಾರ್ನ್’ ಕೊಳ್ಳಲು ಈಜಿಪ್ಟಿಗೆ ಹೋಗುತ್ತಾರೆ. ಅಮೆರಿಕದ ಮೆಕ್ಕೆಜೋಳ ಆ ಕಾಲಕ್ಕೇ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದ್ದೀರಿ. ಬಂದಿರಲಿಲ್ಲ. ಅವರು ಚೀಲಗಳಲ್ಲಿ ಹೇರಿಕೊಂಡು ಬಂದದ್ದು ಧಾನ್ಯ, ಅಷ್ಟೇ.

ಕಾರ್ನ್ ಎಂದರೆ ಮೂಲದಲ್ಲಿ ಕಾಳು. ನಾವು ಕಾಳುಮೆಣಸು ಎನ್ನುವುದನ್ನು ಇಂಗ್ಲಿಷರು ಪೆಪ್ಪರ್‌ಕಾರ್ನ್ ಎನ್ನುತ್ತಾರೆ. ಕಾರ್ನ್ಡ್ ಬೀಫ್ ಡಬ್ಬಿಯಲ್ಲಿ ಹುಡುಕಿದರೂ ಒಂದು ಜೋಳದ ಕಾಳು ಸಿಗುವುದಿಲ್ಲ. ಮಾಂಸ ಕೆಡದಿರಲೆಂದು ಹಾಕುತ್ತಿದ್ದ ಹರಳುಪ್ಪಿನ ಕಾಳುಗಳಿಂದ ಬಂದ ಹೆಸರು ಅದು. ಇನ್ನು ಬರಿಯ ಕಾರ್ನ್ ಎಂದರೆ ಆಯಾ ಸೀಮೆಯ ಮುಖ್ಯ ಬೆಳೆ: ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಬ್ರಿಟನ್ನಿನಲ್ಲಿ 1815ರಿಂದ 1846ರವರೆಗೆ ಜಾರಿಯಲ್ಲಿದ್ದ, ಹೊರಗಿನ ಧಾನ್ಯದ ಆಮದಿಗೆ ಕಡಿವಾಣ ಹಾಕಿದ ‘ಕಾರ್ನ್ ಕಾಯ್ದೆ’ಗಳನ್ನು ಓದುವಾಗ ನಾನೂ ಮೆಕ್ಕೆಜೋಳದ ತೆನೆಯನ್ನೇ ಕಲ್ಪಿಸಿಕೊಂಡಿದ್ದೆ. ಆ ಜಗಳವೆಲ್ಲ ಮುಖ್ಯವಾಗಿ ಗೋಧಿಯ ಆಮದಿನದು.

ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಗ್ಲಿಷರು ಅಲ್ಲಿನ ಮೂಲನಿವಾಸಿಗಳನ್ನು ‘ಇಂಡಿಯನ್’ ಎನ್ನುತ್ತಿದ್ದರಿಂದ ಅವರ ಬೆಳೆಯನ್ನು ‘ಇಂಡಿಯನ್ ಕಾರ್ನ್’ ಎಂದು ಕರೆದರು. ಬರಬರುತ್ತಾ ‘ಇಂಡಿಯನ್’ ಉದುರಿಹೋಯಿತು. ನಾವು ಮಾಡಿದ್ದೂ ಅದನ್ನೇ ತಾನೇ? ಹೊಸದಾಗಿ ಬಂದ ಬೆಳೆಗೆ ಪರಿಚಯದ ಜೋಳದ ಹೆಸರನ್ನೇ ಅಂಟಿಸಿ ಮುಸುಕಿನ ಜೋಳ, ಗೋವಿನಜೋಳ, ಮೆಕ್ಕೆಜೋಳ ಎಂದೆವು. ಆದರೆ ವಿಜಯಪುರದ ಕಡೆ ಬರಿಯ ‘ಜೋಳ’ ಎಂದರೆ ಇವತ್ತಿಗೂ ರೊಟ್ಟಿಯ ಬಿಳಿಜೋಳವೇ. ಹೊಸಬನಿಗೆ ಮನೆಯ ಹೆಸರನ್ನು ಕೊಟ್ಟರೂ ಯಜಮಾನಿಕೆ ಬಿಟ್ಟುಕೊಡಲಿಲ್ಲ.

ಪದದ ಬೇರು ಇನ್ನೂ ಆಳದಲ್ಲಿದೆ. ಕಾರ್ನ್ ಮತ್ತು ಲ್ಯಾಟಿನ್ನಿನಿಂದ ಬಂದ ಗ್ರೇನ್ ದಾಯಾದಿಗಳು. ಸವೆಯುವುದು, ಅರೆಯುವುದು ಎಂಬರ್ಥದ ಧಾತುವಿನ ಮೂಲಕ ಇವೆರಡನ್ನೂ ಸಂಸ್ಕೃತದ ‘ಜೀರ್ಣ’ಕ್ಕೆ ಸಂಬಂಧಿಸುತ್ತಾರೆ. ಹೆಚ್ಚು ತಿಂದರೆ ಆಗುವ ಅಜೀರ್ಣವೂ ಹಾಗಾದರೆ ನೆಂಟನೇ! ಕಾಲಿನ ಆಣಿಗೆ ಹೇಳುವ ಕಾರ್ನ್ ಮಾತ್ರ ಬೇರೆ ಮನೆತನದ್ದು. ಅದು ಕೊಂಬು ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ.

ಅಡುಗೆಮನೆಯಲ್ಲಿ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳ ‘ಕಾರ್ನ್ ಫ್ಲೋರ್’ ಬ್ರಿಟಿಷರ ಬಳಕೆಯದು: ಬರಿಯ ಪಿಷ್ಟ, ಅಚ್ಚ ಬಿಳುಪು, ಬೆರಳ ನಡುವೆ ಒತ್ತಿದರೆ ಕಿರುಗುಡುತ್ತದೆ. ಅಮೆರಿಕದವರು ಅದೇ ಹೆಸರಿನಲ್ಲಿ ಹೇಳುವುದು ಕಾಳನ್ನು ನುಣ್ಣಗೆ ಬೀಸಿದ ಹಿಟ್ಟನ್ನು. ಇದು ತಿಳಿಯದೆ ಅಲ್ಲಿನವರ ಅಡುಗೆ ನೋಡಿಕೊಂಡು, ಇಲ್ಲಿನ ಪೊಟ್ಟಣ ಒಡೆದು ರೊಟ್ಟಿಗೆಂದು ಬಿಸಿನೀರು ಸುರಿದೆ. ಪಾತ್ರೆಯಲ್ಲಿ ಗೋಂದು ತಯಾರಾಯಿತು.