ಮರಳಿನಡಿ ಬೇಯುವ ಮಾಂಸ

ಪ್ರಶ್ನೆ: ಜೋರ್ಡನ್ ಮರುಭೂಮಿಯಲ್ಲಿ ಕೆಂಡದ ಗುಂಡಿಯೊಳಗೆ ಮಾಂಸ ಇಟ್ಟು ಮೇಲೆ ಮರಳು ಮುಚ್ಚುತ್ತಾರಂತೆ. ಗಾಳಿ ಇಲ್ಲದಿದ್ದರೆ ಕೆಂಡ ಆರುವುದಿಲ್ಲವೇ? ಮಾಂಸ ಹೇಗೆ ಬೇಯುತ್ತದೆ?
- ಓದುಗರು, ಹಾಸನ

ಉತ್ತರ: ಆರುತ್ತದೆ, ಆದರೆ ತಕ್ಷಣ ಅಲ್ಲ, ಗುಟ್ಟು ಇರುವುದೇ ಅಲ್ಲಿ. ಇದರ ಹೆಸರು ಜರ್ಬ್, ಜೋರ್ಡನ್‌ನ ವಾದಿ ರಮ್ ಮರುಭೂಮಿಯ ಬೆಡೂಯಿನ್ ಎಂಬ ಅರಬ್ ಅಲೆಮಾರಿ ಜನರ ಅಡುಗೆ. ಮೊದಲು ಗುಂಡಿಯಲ್ಲಿ ಸೌದೆ ಉರಿಸಿ, ಜ್ವಾಲೆಯೆಲ್ಲ ಇಳಿದು ಬರೀ ಕೆಂಡ ಉಳಿಯುವವರೆಗೆ ಕಾಯುತ್ತಾರೆ. ಆಮೇಲೆ ಅಂತಸ್ತುಗಳಿರುವ ಕಬ್ಬಿಣದ ಜಾಲರಿಯಲ್ಲಿ ಕುರಿಮಾಂಸ, ಕೋಳಿ, ಆಲೂಗಡ್ಡೆ, ಈರುಳ್ಳಿ ಜೋಡಿಸಿ ಒಳಗಿಳಿಸಿ, ಮುಚ್ಚಳ ಹಾಕಿ, ಕಂಬಳಿ ಹೊದಿಸಿ ಮೇಲೆ ಮರಳು ಸುರಿಯುತ್ತಾರೆ. ಗಾಳಿ ಸಿಗದೆ ಜ್ವಾಲೆ ಏಳುವುದಿಲ್ಲ, ಅದಕ್ಕೇ ಮಾಂಸ ಸೀಯುವುದಿಲ್ಲ. ಆದರೆ ಕೆಂಡ ಮತ್ತು ಗುಂಡಿಯ ಗೋಡೆ ಅಷ್ಟೊತ್ತಿಗೆ ಕುಡಿದ ಶಾಖವನ್ನು ಒಣ ಮರಳು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಮಾಂಸದಿಂದ ಬರುವ ಹಬೆಯೂ ಒಳಗೇ ಉಳಿಯುತ್ತದೆ. ಎರಡು ಮೂರು ಗಂಟೆಯ ಈ ನಿಧಾನದ ಶಾಖದಲ್ಲಿ ಗಟ್ಟಿ ಮಾಂಸದ ಕೊಲಾಜೆನ್ ಎಂಬ ನಾರು ಕರಗಿ ಮೆತ್ತನೆಯ ಜೆಲಾಟಿನ್ ಆಗುತ್ತದೆ, ಮೂಳೆಯಿಂದ ಮಾಂಸ ಸುಮ್ನೆ ಬಿಟ್ಟು ಬರುತ್ತದೆ. ಕುಕ್ಕರ್‌ನಲ್ಲಿ ಬೆಂದ ಮಾಂಸಕ್ಕೆ ಈ ಹೊಗೆಯ ಘಮ ಎಲ್ಲಿಂದ ಬರಬೇಕು, ಅಲ್ವಾ?

ರಾಜಸ್ಥಾನದಲ್ಲೂ ಬೇಟೆಗಾರರು ಮೊಲವನ್ನು ಹೀಗೇ ಗುಂಡಿಯಲ್ಲಿ ಬೇಯಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಕಾಡುಮೊಲದ ಬೇಟೆ ಅಪರಾಧ, ಕುರಿ, ಕೋಳಿ ಸಾಕು.

ತೋಟದಲ್ಲಿ ನೀವೂ ಮಾಡಿ ನೋಡಬಹುದು. ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ: ಬಯಲಲ್ಲೇ ಮಾಡಿ, ಶೆಡ್ಡಿನೊಳಗೆ ಬೇಡವೇ ಬೇಡ. ಅರೆಬರೆ ಉರಿಯುವ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಹೊಳೆಯ ಒದ್ದೆ ಕಲ್ಲನ್ನೂ ಗುಂಡಿಗೆ ಹಾಕಬೇಡಿ, ಕಾದರೆ ಸಿಡಿಯಬಹುದು. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಬಡಿಸಿ.